ಹನ್ನೆರಡು ಚದರದ ಮನೆ, ಅದರ ಹಿಂದಿನ ಊರುಗಳು

ದಾವಣಗೆರೆಯ ಹೊರವಲಯದಲ್ಲಿ ಮನೆಯೊಂದಕ್ಕೆ ಮೋಲ್ಡ್ ಹಾಕುವ ದಿನ ಬೆಳಿಗ್ಗೆ ಆರಕ್ಕೇ ಬೀದಿ ಎಚ್ಚರವಾಗಿರುತ್ತದೆ. ಮಿಕ್ಸರ್ ಯಂತ್ರಕ್ಕೆ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದ ಮೇಲೆ ಮೇಸ್ತ್ರಿ ಮೊದಲ ಬುಟ್ಟಿ ಜಲ್ಲಿ ಸುರಿಯುತ್ತಾನೆ. ಅಲ್ಲಿಂದ ಸಂಜೆಯವರೆಗೆ ಯಾರಿಗೂ ಬಿಡುವಿಲ್ಲ. ತಾರಸಿಯನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ; ನಿಲ್ಲಿಸಿದರೆ ಹಳೆಯ ಕಾಂಕ್ರೀಟಿಗೆ ಹೊಸದು ಕೂಡುವ ಗೆರೆಯಲ್ಲೇ ಮುಂದೆ ಮಳೆನೀರು ಇಳಿಯುತ್ತದೆ. ಸೆಂಟ್ರಿಂಗ್‌ನವರು, ಕಂಬಿ ಕಟ್ಟಿದವರು, ವೈರಿಂಗ್ ಪೈಪು ಸರಿಪಡಿಸುವ ಹುಡುಗ, ಬಾಂಡಲಿ ಹೊತ್ತು ಸಾಲಾಗಿ ಮೇಲೇರುವ ಹೆಂಗಸರು, ಎಲ್ಲರೂ ಒಂದೇ ತಾಳಕ್ಕೆ ಬಂದಿರುತ್ತಾರೆ. ಮಧ್ಯಾಹ್ನ ಮನೆಯ ಯಜಮಾನರು ಎಲ್ಲರಿಗೂ ಪಾಯಸದ ಊಟ ಹಾಕುತ್ತಾರೆ.

ಆ ಒಂದು ದಿನ ಆ ಹನ್ನೆರಡು ಚದರದ (ಒಂದು ಚದರ ಎಂದರೆ ನೂರು ಚದರಡಿ) ಮೇಲೆ ಎಷ್ಟು ಊರುಗಳು ಬಂದು ಸೇರಿರುತ್ತವೆ ಎಂಬುದನ್ನು ಎಣಿಸಿ ನೋಡಬೇಕೆಂದು ನನಗೆ ಬಹಳ ದಿನದಿಂದ ಆಸೆ. ಸಿಮೆಂಟು ಕಲಬುರಗಿ ಜಿಲ್ಲೆಯದು, ಕಂಬಿ ತೋರಣಗಲ್ಲಿನದು, ಜಲ್ಲಿ ಹತ್ತಿರದ ಗುಡ್ಡದ್ದು, ಕೈಗಳು ಯಾದಗಿರಿಯವು, ದುಡ್ಡು ಬ್ಯಾಂಕಿನದು. ಬಿಲ್ಡರುಗಳ ಸಮಾವೇಶಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ನಿರ್ಮಾಣ ಕ್ಷೇತ್ರ 250ಕ್ಕೂ ಹೆಚ್ಚು ಉದ್ಯಮಗಳನ್ನು ಬದುಕಿಸುತ್ತದೆ. ಮಾತಿನ ಹುರುಳು ನಿಜವೇ, ಆದರೆ ಅಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಬಾಗಿಲಿನ ಚಿಲಕ ಮಾಡುವವನೂ ಆ ಪಟ್ಟಿಯಲ್ಲಿದ್ದಾನೆ, ಉಕ್ಕಿನ ಕಾರ್ಖಾನೆಯೂ ಇದೆ. ಎಷ್ಟು ಎಳೆಗಳಿವೆ ಎಂಬುದಕ್ಕಿಂತ ಯಾವ ಎಳೆ ಎಷ್ಟು ದಪ್ಪ, ಎಳೆದಾಗ ಯಾರು ಯಾರ ಕಡೆಗೆ ಜಗ್ಗಿ ಬೀಳುತ್ತಾರೆ ಎಂದು ಕೇಳಬೇಕು. ದುಡ್ಡು ಹರಿಯುವ ದಾರಿಯಲ್ಲೇ ನಷ್ಟವೂ ಹರಿಯುತ್ತದೆ. ಆದರೆ ದುಡ್ಡು ಹೆಚ್ಚು ನಿಲ್ಲುವ ಜಾಗ ಬೇರೆ, ನಷ್ಟ ಹೆಚ್ಚು ನಿಲ್ಲುವ ಜಾಗ ಬೇರೆ.

ಇಂಥ ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡುವ ದಾರಿಯನ್ನು ತೋರಿಸಿದವರು ರಷ್ಯಾದಲ್ಲಿ ಬೆಳೆದು ಅಮೆರಿಕದಲ್ಲಿ ನೆಲೆಸಿದ ಅರ್ಥಶಾಸ್ತ್ರಜ್ಞ ವಾಸಿಲಿ ಲಿಯೊಂಟಿಯೆಫ್. 1973ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇದಕ್ಕೇ. ಅವರದು ಹೂಡುವಳಿ-ಹುಟ್ಟುವಳಿ ಕೋಷ್ಟಕ. ಹಳ್ಳಿಯ ಅಂಗಡಿಯ ಉದ್ರಿ ಪುಸ್ತಕವನ್ನು ಇಡೀ ದೇಶಕ್ಕೆ ಬರೆದಂತೆ ಅದು. ಅಡ್ಡಸಾಲಿನಲ್ಲಿ ಒಂದು ಉದ್ಯಮ ಯಾರಿಗೆ ಎಷ್ಟು ಮಾರಿತು, ಉದ್ದಸಾಲಿನಲ್ಲಿ ಅದೇ ಉದ್ಯಮ ಯಾರಿಂದ ಎಷ್ಟು ಕೊಂಡಿತು. ಮನೆ ಕಟ್ಟುವವನು ಸಿಮೆಂಟು ಕೊಂಡ. ಅದು ಮೊದಲ ಸುತ್ತು. ಸಿಮೆಂಟಿನವನು ಕಲ್ಲಿದ್ದಲು, ವಿದ್ಯುತ್ತು, ಚೀಲ, ರೈಲು ಬಾಡಿಗೆ ಕೊಂಡ, ಅದು ಎರಡನೆಯದು. ಗಣಿಯವನು ಡೀಸೆಲ್ಲು, ಟೈರು ಕೊಂಡ, ಮೂರನೆಯದು. ಸುತ್ತು ಸುತ್ತಿಗೂ ಮೊತ್ತ ಚಿಕ್ಕದಾಗುತ್ತದೆ, ಆದರೂ ಎಲ್ಲವನ್ನೂ ಕೂಡಿದರೆ ಮೊದಲ ಖರ್ಚಿಗಿಂತ ದೊಡ್ಡ ಮೊತ್ತ ನಿಲ್ಲುತ್ತದೆ. ಇದರ ಜೊತೆಗೆ ಇನ್ನೊಂದು ಹರಿವಿದೆ. ಕೂಲಿ ಪಡೆದವರು ಅಕ್ಕಿ, ಬಟ್ಟೆ, ಮಕ್ಕಳ ಶಾಲೆ ಎಂದು ಮಾಡುವ ಖರ್ಚು ಅದು. ಹೊರಗಿನಿಂದ ಆಮದಾದ ವಸ್ತುವಿಗೆ ಕೊಟ್ಟ ದುಡ್ಡು ಈ ಸುತ್ತಿನಿಂದ ಸೋರಿಹೋಗುತ್ತದೆ. 1958ರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಈ ನಂಟುಗಳಿಗೆ ಹಿಮ್ಮುಖ, ಮುಮ್ಮುಖ ಎಂದು ಎರಡು ದಿಕ್ಕು ಗುರುತಿಸಿದರು. ಕಟ್ಟಡಕ್ಕೆ ಬೇಕಾದದ್ದನ್ನು ಒದಗಿಸುವವರ ಕಡೆಗಿನದು ಹಿಮ್ಮುಖ. ಎದ್ದು ನಿಂತ ಕಟ್ಟಡದಿಂದ ಬದುಕುವ ಅಂಗಡಿ, ಆಸ್ಪತ್ರೆ, ಬಾಡಿಗೆದಾರರ ಕಡೆಗಿನದು ಮುಮ್ಮುಖ. ನಿರ್ಮಾಣದ ಬಲವೆಲ್ಲ ಹಿಮ್ಮುಖ ನಂಟಿನಲ್ಲಿದೆ. ಆದ್ದರಿಂದ ನಾವೂ ಹಿಂದಕ್ಕೇ ನಡೆಯೋಣ.

ಸಿಮೆಂಟಿನಿಂದ ಶುರು. ಮೇಸ್ತ್ರಿಗಳ ಸಾಮಾನ್ಯ ಅಂದಾಜಿನಲ್ಲಿ ಚದರಕ್ಕೆ ನಲವತ್ತು ಚೀಲ. ಹನ್ನೆರಡು ಚದರಕ್ಕೆ 480 ಚೀಲ, ತೂಕದಲ್ಲಿ 24 ಟನ್. ಇಂದು ಮನೆಗಳಿಗೆ ಹೆಚ್ಚಾಗಿ ಬಳಸುವುದು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಅದರಲ್ಲಿ ಶೇ 35ರವರೆಗೂ ಬೂದಿ ಇರಬಹುದು. ಶೇ 30 ಎಂದುಕೊಂಡರೂ ಏಳು ಟನ್ನಿನಷ್ಟು ಬೂದಿ ಆ ಮನೆಯ ಗೋಡೆ, ತಾರಸಿಗಳಲ್ಲಿ ಕೂತಿರುತ್ತದೆ. ಈ ಬೂದಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳದು. ಶಕ್ತಿನಗರದ ರಾಯಚೂರು ಸ್ಥಾವರವೋ ಕುಡತಿನಿಯ ಬಳ್ಳಾರಿ ಸ್ಥಾವರವೋ ನಮಗೆ ವಿದ್ಯುತ್ತು ಕೊಟ್ಟು ಉಳಿಸಿದ್ದನ್ನು ಹೊಂಡಗಳಲ್ಲಿ ತುಂಬಿಡಬೇಕಾಗಿತ್ತು. ಸಿಮೆಂಟು ಅದಕ್ಕೆ ಬೆಲೆ ತಂದಿತು. ಉಕ್ಕಿನ ಕುಲುಮೆಯಲ್ಲಿ ಉಳಿಯುವ ಕಿಟ್ಟದ ಕಥೆಯೂ ಇದೇ. ಸ್ಲ್ಯಾಗ್ ಸಿಮೆಂಟಿನಲ್ಲಿ ಅದರ ಪಾಲು ಕಾಲು ಭಾಗದಿಂದ ಶೇ 70ರವರೆಗೆ ಇರುತ್ತದೆ. ಹೀಗಾಗಿ ವಿದ್ಯುತ್ತು, ಉಕ್ಕು, ಸಿಮೆಂಟು ಎಂಬ ಮೂರು ಉದ್ಯಮಗಳು ಒಂದರ ಕಸವನ್ನು ಇನ್ನೊಂದು ತಿಂದು ಬದುಕುತ್ತಿವೆ. ಈ ಇಡೀ ಜಾಲದಲ್ಲಿ ನನಗೆ ಅತ್ಯಂತ ಇಷ್ಟವಾದ ನಂಟು ಇದು, ಏಕೆಂದರೆ ಇಲ್ಲಿ ಒಬ್ಬರ ಗಳಿಕೆಗೆ ಮತ್ತೊಬ್ಬರ ನಷ್ಟ ಬೇಕಾಗಿಲ್ಲ.

ಸಿಮೆಂಟಿನ ಪ್ರಾಣ ಮಾತ್ರ ಸುಣ್ಣದಕಲ್ಲು. ಸಿಮೆಂಟಿನ ಮೂಲವಾದ ಕ್ಲಿಂಕರ್ ಒಂದು ಟನ್ ಆಗಬೇಕಾದರೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಅಂದರೆ ನಮ್ಮ ಹನ್ನೆರಡು ಚದರಕ್ಕೆ ಇಪ್ಪತ್ತು ಟನ್ನಿಗೂ ಹೆಚ್ಚು ಕಲ್ಲನ್ನು ವಾಡಿಯಲ್ಲೋ ಸೇಡಂನಲ್ಲೋ ಮಳಖೇಡದಲ್ಲೋ ನೆಲದಿಂದ ಎಬ್ಬಿಸಿರುತ್ತಾರೆ. ಭೀಮಾ ಕೊಳ್ಳದ ಈ ಕಲ್ಲು ನಮಗೆ ಹೊಸದಲ್ಲ. ನಮ್ಮ ಅಜ್ಜಿಯರ ಕಾಲದ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಚಪ್ಪಡಿಯೂ ಅದೇ ಸುಣ್ಣದಕಲ್ಲಿನ ಪದರವೇ. ಆಗ ಅದನ್ನು ಉಳಿ, ಸುತ್ತಿಗೆ ಹಿಡಿದು ಪದರ ಪದರವಾಗಿ ಬಿಡಿಸುತ್ತಿದ್ದರು, ಅಂಚು ಕೊಚ್ಚುತ್ತಿದ್ದರು, ಪಾಲಿಶ್ ಹಾಕುತ್ತಿದ್ದರು. ಒಂದೊಂದು ಚಪ್ಪಡಿಯ ಹಿಂದೆ ಹಲವು ಕೈಗಳ ಕೂಲಿ ಇತ್ತು. ಈಗ ಅದೇ ಕಲ್ಲನ್ನು ಸ್ಫೋಟಿಸಿ, ಪುಡಿ ಮಾಡಿ, 1,400 ಡಿಗ್ರಿಗೂ ಮೀರಿದ ಶಾಖದ ಕುಲುಮೆಗೆ ಕೊಡುತ್ತಾರೆ. ಕಲಬುರಗಿಗೂ ಮನೆಗೂ ಇರುವ ನಂಟು ತುಂಡಾಗಿಲ್ಲ. ಬೆಲೆಯಲ್ಲಿ ಅದು ಮೊದಲಿಗಿಂತ ಎಷ್ಟೋ ದಪ್ಪವಾಗಿದೆ. ಕೆಲಸದ ಲೆಕ್ಕದಲ್ಲಿ ನೋಡಿದರೆ ಅದೇ ಎಳೆ ತೆಳ್ಳಗಾಗಿದೆ. ಕುಲುಮೆಗೆ ಬಂಡವಾಳ ಬೇಕು, ಕೈಗಳು ಹೆಚ್ಚು ಬೇಡ. ಆ ಜಿಲ್ಲೆಯ ಯುವಕ ಸಿಮೆಂಟಿನ ಹಿಂದೆಯೇ ರೈಲು ಹತ್ತಿ ಬೆಂಗಳೂರಿಗೆ ಬಂದು ಅದನ್ನೇ ಹೊರುತ್ತಿರುವುದರ ಅರ್ಧ ಕಾರಣ ಇಲ್ಲಿದೆ.

ಸಿಮೆಂಟಿನ ಚೀಲವನ್ನೂ ಒಮ್ಮೆ ನೋಡಬೇಕು. ಹಿಂದೆ ಅದು ಗೋಣಿಚೀಲದಲ್ಲಿ ಬರುತ್ತಿತ್ತು, ಬಂಗಾಳದ ಸೆಣಬಿನ ರೈತನಿಗೂ ಒಂದು ಪಾಲು ಹೋಗುತ್ತಿತ್ತು. ಈಗಿನದು ಪಾಲಿಪ್ರೊಪಿಲೀನ್ ನೇಯ್ಗೆ. ಅದರ ಕಚ್ಚಾವಸ್ತು ಸುರತ್ಕಲ್ ಬಳಿಯ ಎಂಆರ್‌ಪಿಎಲ್‌ನಂಥ ತೈಲ ಸಂಸ್ಕರಣಾಗಾರಗಳಿಂದ ಬರುತ್ತದೆ. ಚೀಲದಷ್ಟು ಚಿಕ್ಕ ಸಂಗತಿ ಬದಲಾದರೂ ದುಡ್ಡು ಹೊಲದಿಂದ ಕಚ್ಚಾತೈಲದ ಕಡೆಗೆ ತಿರುಗುತ್ತದೆ.

ಇನ್ನು ಕಂಬಿ. ಹನ್ನೆರಡು ಚದರದ ಒಂದಂತಸ್ತಿನ ಮನೆಗೆ ನಾಲ್ಕೂವರೆ ಟನ್ನಿನಷ್ಟು ಉಕ್ಕು ಹಿಡಿಯುತ್ತದೆ. ಊದುಕುಲುಮೆಯಲ್ಲಿ ತಯಾರಾದ ಉಕ್ಕಾದರೆ ಅದರ ಹಿಂದೆ ಏಳು ಟನ್ ಅದಿರು, ಅದಿರನ್ನು ಕರಗಿಸಿ ಕಬ್ಬಿಣ ತೆಗೆಯಲು ಬೇಕಾದ ಮೂರೂವರೆ ಟನ್ನಿನಷ್ಟು ಕೋಕಿಂಗ್ ಕಲ್ಲಿದ್ದಲು ಇರುತ್ತದೆ. ಅದಿರು ಸಂಡೂರಿನದೇ ಇರಬಹುದು. ಕೋಕಿಂಗ್ ಕಲ್ಲಿದ್ದಲು ಮಾತ್ರ ನಮ್ಮದಲ್ಲ. ಭಾರತ ತನಗೆ ಬೇಕಾದದ್ದರಲ್ಲಿ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ, ಅದರಲ್ಲೂ ಆಸ್ಟ್ರೇಲಿಯಾದಿಂದ. 2017ರ ಮಾರ್ಚ್ ಕೊನೆಯಲ್ಲಿ ಡೆಬ್ಬಿ ಎಂಬ ಚಂಡಮಾರುತ ಕ್ವೀನ್ಸ್‌ಲ್ಯಾಂಡಿನ ಕಲ್ಲಿದ್ದಲು ರೈಲುಮಾರ್ಗಗಳನ್ನು ಹಾಳುಗೆಡವಿದಾಗ ಜಗತ್ತಿನಾದ್ಯಂತ ಈ ಕಲ್ಲಿದ್ದಲಿನ ಬೆಲೆ ಜಿಗಿಯಿತು. 2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧ ಶುರುವಾದ ಬೆನ್ನಲ್ಲೇ, ಟನ್ನಿಗೆ 600 ಡಾಲರ್ ದಾಟಿತು. ಆ ಬೇಸಿಗೆಯಲ್ಲಿ ಕಂಬಿಯ ಬೆಲೆ ಕೇಳಿ ಪಾಯಕ್ಕೇ ಕೆಲಸ ನಿಲ್ಲಿಸಿದ ಮನೆಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಹಲವು ಬಗೆಗಳ ರಫ್ತಿನ ಮೇಲೆ ಶೇ 15ರ ಸುಂಕ ಹಾಕಿ, ಬೆಲೆ ಇಳಿದ ಮೇಲೆ ನವೆಂಬರಿನಲ್ಲಿ ತೆಗೆಯಿತು.

ಈ ನಂಟು ಎರಡೂ ದಿಕ್ಕಿಗೆ ಎಷ್ಟು ಬಿರುಸಾಗಿ ಎಳೆಯುತ್ತದೆ ಎಂಬುದನ್ನು ಬಳ್ಳಾರಿಯಷ್ಟು ಕಣ್ಣಾರೆ ಕಂಡ ಜಿಲ್ಲೆ ಇನ್ನೊಂದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ನಗರಗಳನ್ನೇ ಹೊಸದಾಗಿ ಕಟ್ಟುತ್ತಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಕ್ರೀಡಾಂಗಣ, ರಸ್ತೆ, ವಸತಿ ಏಳುತ್ತಿದ್ದವು. ಅಲ್ಲಿನ ಕಟ್ಟಡಗಳ ಹಸಿವು ಅಲ್ಲಿನ ಉಕ್ಕಿನ ಕುಲುಮೆಗಳಿಗೆ ಇಳಿದು, ಕುಲುಮೆಗಳಿಂದ ಸಮುದ್ರ ದಾಟಿ, ಹೊಸಪೇಟೆ, ಸಂಡೂರಿನ ಗುಡ್ಡಗಳನ್ನು ಮುಟ್ಟಿತು. ಅದುವರೆಗೆ ಯಾರೂ ಕೇಳದಿದ್ದ ಕೆಳದರ್ಜೆಯ ಪುಡಿ ಅದಿರಿಗೂ ಬೆಲೆ ಬಂತು. ಹೊಲದ ಮೇಲ್ಮಣ್ಣಿನಲ್ಲಿ ಅದಿರಿನ ಚೂರು ಸಿಕ್ಕ ಕಡೆ ಉಳುವುದನ್ನು ಬಿಟ್ಟು ಮಣ್ಣು ಮಾರಿದವರಿದ್ದರು. ಸಾಲ ಮಾಡಿ ಲಾರಿ ಕೊಂಡವರ ಲೆಕ್ಕವಿಲ್ಲ. ಟೈರ್ ಅಂಗಡಿ, ಗ್ಯಾರೇಜು, ಢಾಬಾ, ಫೈನಾನ್ಸ್ ಕಚೇರಿ, ಎಲ್ಲವೂ ಕೆಂಪು ಧೂಳಿನಲ್ಲಿ ಎದ್ದು ನಿಂತವು. ಬೀಜಿಂಗಿನಲ್ಲಿ ಕಟ್ಟಿದ ಗೋಡೆಯ ಸುತ್ತು, ಲಿಯೊಂಟಿಯೆಫ್ ಹೇಳಿದ ರೀತಿಯಲ್ಲೇ, ಸಂಡೂರಿನ ಚಹಾದಂಗಡಿಯವರೆಗೆ ಬಂದಿತ್ತು.

ಆಮೇಲೆ ಅದೇ ದಾರಿಯಲ್ಲಿ ಏಟು ಬಂತು. ಅಕ್ರಮ ಗಣಿಗಾರಿಕೆ ಮಿತಿ ಮೀರಿದಾಗ 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳೂ ಅದರಡಿ ಬಂದವು. ತೀರ್ಪು ಬರಲೇಬೇಕಾಗಿತ್ತು, ಆ ಗುಡ್ಡಗಳ ಗಾಯ ನೋಡಿದ ಯಾರಿಗೂ ಅದರಲ್ಲಿ ಸಂಶಯವಿಲ್ಲ. ಆದರೆ ನಷ್ಟ ಹಂಚಿಹೋದ ರೀತಿಯನ್ನು ಗಮನಿಸಿ. ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ ಉತ್ಪಾದನೆ ತಗ್ಗಿಸಿ, ಇ-ಹರಾಜಿನಲ್ಲಿ ಅದಿರು ಕೊಂಡು ಉಸಿರು ಹಿಡಿಯಿತು, ಮುಂದೆ ಇನ್ನೂ ದೊಡ್ಡದಾಯಿತು. ಕಂತು ಕಟ್ಟಲಾಗದ ಲಾರಿ ಮಾಲೀಕ, ಸಂಬಳ ನಿಂತ ಚಾಲಕ, ಮಣ್ಣು ಮಾರಿದ ಮೇಲೆ ಉಳಲು ನೆಲವಿಲ್ಲದ ರೈತ ಇವರಿಗೆ ಕಾಯುವ ಶಕ್ತಿ ಇರಲಿಲ್ಲ. ನಂಟು ಎಲ್ಲರಿಗೂ ಒಂದೇ, ತಾಳಿಕೆ ಬೇರೆ ಬೇರೆ.

ಚೀನಾದ ಎಳೆತ ಇಂದಿಗೂ ಮುಗಿದಿಲ್ಲ, ದಿಕ್ಕು ಬದಲಾಗಿದೆ ಅಷ್ಟೇ. 2021ರಲ್ಲಿ ಎವರ್‌ಗ್ರ್ಯಾಂಡ್ ಎಂಬ ಅಲ್ಲಿನ ದೈತ್ಯ ಬಿಲ್ಡರ್ ಸಂಸ್ಥೆ ಸಾಲ ತೀರಿಸಲಾಗದೆ ಕುಸಿದಾಗಿನಿಂದ ಅಲ್ಲಿ ಮನೆ ಕಟ್ಟುವುದು ಕುಗ್ಗಿದೆ. ಜಗತ್ತಿನ ಅರ್ಧಕ್ಕೂ ಹೆಚ್ಚು ಉಕ್ಕು ತಯಾರಿಸುವ ದೇಶದಲ್ಲಿ ಕಟ್ಟಡ ನಿಂತರೆ ಉಕ್ಕು ಎಲ್ಲಿಗಾದರೂ ಹೋಗಲೇಬೇಕಲ್ಲ. 2024ರಲ್ಲಿ ಚೀನಾ 11 ಕೋಟಿ ಟನ್‌ಗೂ ಹೆಚ್ಚು ಉಕ್ಕು ರಫ್ತು ಮಾಡಿತು. ಅಗ್ಗದ ಉಕ್ಕು ನುಗ್ಗದಂತೆ ಭಾರತ 2025ರ ಏಪ್ರಿಲ್‌ನಲ್ಲಿ ಚಪ್ಪಟೆ ಉಕ್ಕಿನ ಕೆಲವು ಬಗೆಗಳ ಮೇಲೆ ಶೇ 12ರ ತಾತ್ಕಾಲಿಕ ರಕ್ಷಣಾ ಸುಂಕ ಹಾಕಿತು. ಮನೆಯ ತಾರಸಿಗೆ ಹಾಕುವ ಕಂಬಿ ಆ ಪಟ್ಟಿಯಲ್ಲಿಲ್ಲ. ಛಾವಣಿಯ ಶೀಟು, ಫ್ರಿಜ್ಜು, ಕಾರುಗಳಾಗುವ ಉಕ್ಕು ಅದು. ಹದಿನೈದು ವರ್ಷಗಳ ಹಿಂದೆ ಚೀನಾ ಮನೆ ಕಟ್ಟಿದ್ದರಿಂದ ಬಳ್ಳಾರಿಯ ಗುಡ್ಡ ಕರಗಿತು. ಈಗ ಅದು ಮನೆ ಕಟ್ಟದಿದ್ದರೆ ಬಳ್ಳಾರಿಯ ಕಾರ್ಖಾನೆಗೆ ಆತಂಕ.

ದೂರದಿಂದ ಬರುವ ವಸ್ತುಗಳು ಇವಾದರೆ, ಭಾರ ಹೆಚ್ಚಿ ಬೆಲೆ ಕಡಿಮೆ ಇರುವವು ಹತ್ತಿರದಲ್ಲೇ ಹುಟ್ಟಬೇಕು. ಜಲ್ಲಿಯನ್ನು ಇನ್ನೂರು ಕಿಲೋಮೀಟರ್ ಸಾಗಿಸಿದರೆ ಜಲ್ಲಿಗಿಂತ ಡೀಸೆಲ್ಲಿಗೇ ಹೆಚ್ಚು ಕೊಡಬೇಕಾಗುತ್ತದೆ. ಆದ್ದರಿಂದ ಊರು ಬೆಳೆದ ಕಡೆಯೆಲ್ಲ ಸುತ್ತಲ ಗುಡ್ಡಗಳಲ್ಲಿ ಕ್ವಾರಿ, ಕ್ರಷರ್ ಎದ್ದಿವೆ. ನದಿಯ ಮರಳಿಗೆ ಕಡಿವಾಣ ಬಿದ್ದ ಮೇಲೆ ಕಲ್ಲನ್ನೇ ಅರೆದು ಮಾಡುವ ಎಂ-ಸ್ಯಾಂಡ್ ಬಂತು. ನದಿಗೆ ಸ್ವಲ್ಪ ಉಸಿರು ಸಿಕ್ಕಿತು, ಭಾರ ಗುಡ್ಡದ ಮೇಲೆ ಬಿತ್ತು. ಗುಡ್ಡ ಒಡೆಯಲು ಸ್ಫೋಟಕ ಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿಗಳ ಸ್ಫೋಟಕ ಸಿಡಿದು ಜೀವಗಳು ಹೋದವು. ಲೋಡು ಜಲ್ಲಿಗೆ ನಾವು ಕೊಡುವ ದುಡ್ಡಿನಲ್ಲಿ ಆ ಜೀವಗಳ ಬೆಲೆ ಸೇರಿಲ್ಲ. ಲಿಯೊಂಟಿಯೆಫ್ ಕೋಷ್ಟಕದಲ್ಲಿ ಅದಕ್ಕೆ ಸಾಲೂ ಇಲ್ಲ. ಇಟ್ಟಿಗೆಯದೂ ಇದೇ ಬಗೆಯ ಕಥೆ. ಮಾಲೂರಿನಂಥ ಕಡೆ ಇಟ್ಟಿಗೆ ಭಟ್ಟಿ ಸಾವಿರಾರು ಜನರಿಗೆ ಅನ್ನ ಕೊಟ್ಟಿದೆ, ಆದರೆ ಮೇಲ್ಮಣ್ಣು ಭಟ್ಟಿಗೆ ಹೋದ ಹೊಲ ಮತ್ತೆ ಫಲ ಕೊಡಲು ಹಲವು ವರ್ಷ ಬೇಕು.

ಬೇಸಾಯಕ್ಕೆ ಒಳ್ಳೆಯದು ಮಾಡುವ ಎಳೆಗಳೂ ಇವೆ. ಸೆಂಟ್ರಿಂಗ್‌ಗೆ ಊರುವ ನೀಲಗಿರಿ, ಸರ್ವೆ ಕಂಬಗಳು ರೈತರ ಹೊಲದವು. ಬಾಗಿಲು, ಕಪಾಟುಗಳ ಪ್ಲೈವುಡ್‌ಗೆಂದು ಹೆಬ್ಬೇವು ನೆಟ್ಟ ರೈತರು ಬಯಲುಸೀಮೆಯಲ್ಲೂ ಸಿಗುತ್ತಾರೆ. ಸೆಂಟ್ರಿಂಗ್‌ಗೆ ಕಬ್ಬಿಣದ ಜಾಕ್ ಬಂದಷ್ಟೂ ಕಂಬದ ಬೇಡಿಕೆ ಇಳಿಯುತ್ತದೆ, ರೈತನ ಆ ಪಾಲು ಮತ್ತೆ ಉಕ್ಕಿನ ಖಾತೆಗೆ ಹೋಗುತ್ತದೆ.

ಒಂದು ನಂಟು ಪೂರ್ತಿ ಕಳಚಿಬಿದ್ದಾಗ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮಂಗಳೂರಿನ ಹಂಚನ್ನು ನೆನೆಯಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ಪಶ್ಚಿಮ ಘಟ್ಟದ ಸೌದೆ, ಬಂದರಿನ ದೋಣಿಗಳು, ಊರಿನ ಕೂಲಿ, ಎಲ್ಲವೂ ಒಂದೇ ಕಡೆ ಸಿಕ್ಕವು. ಮಂಗಳೂರು ಹಂಚು ಸಮುದ್ರ ದಾಟಿಯೂ ಹೆಸರು ಮಾಡಿತು. ಆಮೇಲೆ ಕಾಂಕ್ರೀಟ್ ತಾರಸಿ ಬಂತು, ಮಣ್ಣು ದುರ್ಲಭವಾಯಿತು, ನದಿದಂಡೆಯ ಜಾಗದ ಬೆಲೆ ಹಂಚಿನ ಲಾಭವನ್ನು ಮೀರಿತು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಮನೆ ಕಟ್ಟುವುದು ಕಡಿಮೆಯಾಗಿರಲಿಲ್ಲ, ಮೊದಲಿಗಿಂತ ಹೆಚ್ಚೇ ಆಗಿತ್ತು; ಆದರೆ ದುಡ್ಡು ಬೇರೆ ಕಾಲುವೆಗೆ ತಿರುಗಿತ್ತು. ನೆಲದ ಹಾಸಿನ ಕಥೆ ಇದಕ್ಕೆ ಜೋಡಿ: ಶಹಾಬಾದಿನ ಕಲ್ಲಿಗೆ ಬದಲಾಗಿ ಗುಜರಾತಿನ ಮೊರ್ಬಿಯ ಟೈಲ್ಸ್. ಅಲ್ಲಿನ ಕುಲುಮೆಗಳು ಅನಿಲದಿಂದ ಉರಿಯುವುದರಿಂದ ಕೊಲ್ಲಿ ದೇಶಗಳ ಅನಿಲದ ಬೆಲೆಗೂ ನಮ್ಮ ನಡುಮನೆಗೂ ಈಗ ನಂಟಾಗಿದೆ.

ಇಷ್ಟು ವಸ್ತುಗಳ ಮಾತಾಯಿತು. ಮನೆಯ ಖರ್ಚಿನಲ್ಲಿ ಸಾಮಾನ್ಯವಾಗಿ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕೂಲಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಎಳೆ ಇದು. ಭಾರತದ ಒಟ್ಟು ದುಡಿಯುವವರಲ್ಲಿ ನೂರಕ್ಕೆ ಹನ್ನೆರಡರಷ್ಟು ಜನ ನಿರ್ಮಾಣದಲ್ಲಿದ್ದಾರೆ. ದೇಶದ ಒಟ್ಟು ಉತ್ಪಾದನಾ ಮೌಲ್ಯದಲ್ಲಿ ಆ ಕ್ಷೇತ್ರದ ಪಾಲು ಎಂಟು, ಒಂಬತ್ತರ ಆಸುಪಾಸು. ಕೈಗಳ ಪಾಲು ದುಡ್ಡಿನ ಪಾಲಿಗಿಂತ ಹೆಚ್ಚು ಎಂದರೆ, ಈ ಕ್ಷೇತ್ರ ಬಹಳ ಜನರನ್ನು ಕರೆದುಕೊಳ್ಳುತ್ತದೆ, ಆದರೆ ತಲೆಗೆ ಸಿಗುವುದು ಕಡಿಮೆ. ಬೇಸಾಯ ಬಿಟ್ಟವರನ್ನು ಕಾರ್ಖಾನೆ ಕರೆದುಕೊಳ್ಳಬೇಕಿತ್ತು. ನಮ್ಮಲ್ಲಿ ಅವರನ್ನು ಹೆಚ್ಚಾಗಿ ಕರೆದುಕೊಂಡದ್ದು ಗಾರೆ ಕೆಲಸ.

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಹಳ್ಳಿಗಳಲ್ಲಿ ಇದಕ್ಕೆ ಗುಳೆ ಎನ್ನುತ್ತಾರೆ. ಹಿಂಗಾರಿನ ರಾಶಿ ಮುಗಿದ ಮೇಲೆ ಗಂಡ, ಹೆಂಡತಿ, ಕೆಲವೊಮ್ಮೆ ಶಾಲೆ ಬಿಟ್ಟ ಮಕ್ಕಳೂ ಸೇರಿ ಹೊರಡುತ್ತಾರೆ. ಕಟ್ಟುತ್ತಿರುವ ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ವಾರದ ಬಟವಾಡೆಯಲ್ಲಿ ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಊರಿಗೆ ಕಳಿಸುತ್ತಾರೆ. ಆ ದುಡ್ಡು ಬಿತ್ತನೆ ಬೀಜವಾಗುತ್ತದೆ, ಬೋರ್‌ವೆಲ್ ಸಾಲದ ಕಂತಾಗುತ್ತದೆ, ತಂಗಿಯ ಮದುವೆಯಾಗುತ್ತದೆ, ಎರಡು ಕುರಿಮರಿಯಾಗುತ್ತದೆ. ಹೀಗೆ ನೋಡಿದರೆ ಬೆಂಗಳೂರಿನ ಅಪಾರ್ಟ್‌ಮೆಂಟು ಯಾದಗಿರಿಯ ತೊಗರಿಗೆ ಬಂಡವಾಳ ಹೂಡುತ್ತಿದೆ. ಈ ಎಳೆ ಯಾವ ಕಂಪನಿಯ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ.

ಆದರೆ ಇದರ ತಿರುಗುಮುರುಗೂ ನಿಜ. ಮಳೆ ಕೈಕೊಟ್ಟರೆ ಗುಳೆ ಹೆಚ್ಚುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹೊಲ ಒಣಗಿದಾಗ ನಗರಕ್ಕೆ ಹೆಚ್ಚು ಕೈಗಳು ಬರುತ್ತವೆ, ಕೂಲಿ ಏರಬೇಕಾದ ಕಡೆ ಏರುವುದಿಲ್ಲ. ಹಳ್ಳಿಯಲ್ಲೇ ಉದ್ಯೋಗ ಖಾತರಿ ಕೆಲಸ ಸರಿಯಾಗಿ ನಡೆದರೆ, ಗುಳೆ ಹೋಗದೆಯೂ ಬದುಕಬಹುದು ಎಂಬ ಧೈರ್ಯ ಇದ್ದರೆ, ಮೇಸ್ತ್ರಿಯ ಎದುರು ಚೌಕಾಸಿ ಮಾಡುವ ಶಕ್ತಿ ಬರುತ್ತದೆ. ನಗರದ ಕಟ್ಟಡದ ದರವನ್ನು ನಿರ್ಧರಿಸುವ ಒಂದು ಕೈ ಹೊಲದ ಮಳೆಯಲ್ಲಿದೆ, ಇನ್ನೊಂದು ಪಂಚಾಯಿತಿ ಕಚೇರಿಯಲ್ಲಿದೆ.

ಈ ಎಳೆಯನ್ನು ಒಮ್ಮೆ ಬಹಿರಂಗವಾಗಿ ಹಿಡಿದು ಜಗ್ಗಿದ್ದನ್ನು ನಾವು ನೋಡಿದ್ದೇವೆ. 2020ರ ಲಾಕ್‌ಡೌನಿನಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದ ಕಾರ್ಮಿಕರು ಊರಿಗೆ ಮರಳಲು ಶ್ರಮಿಕ್ ರೈಲುಗಳಿಗಾಗಿ ಕಾಯುತ್ತಿದ್ದರು. ಮೇ 5ರಂದು ಬಿಲ್ಡರುಗಳ ಪ್ರತಿನಿಧಿಗಳೊಂದಿಗೆ ಮುಖ್ಯಮಂತ್ರಿಯ ಸಭೆ ನಡೆಯಿತು. ಅದೇ ದಿನ ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆದು, ಮರುದಿನದಿಂದ ರೈಲುಗಳು ಬೇಡ ಎಂದಿತು. ಕಟ್ಟಡ ಕೆಲಸ ಮತ್ತೆ ಶುರುವಾಗಲು ಕೈಗಳು ಬೇಕಾಗಿದ್ದವು. ದೇಶದಾದ್ಯಂತ ಟೀಕೆ ಎದ್ದ ಮೇಲೆ ಎರಡೇ ದಿನಗಳಲ್ಲಿ ನಿರ್ಧಾರ ಬದಲಾಯಿತು, ರೈಲುಗಳು ಹೊರಟವು. ವಾರಗಟ್ಟಲೆ ಕೂಲಿಯಿಲ್ಲದೆ ಶೆಡ್ಡಿನಲ್ಲಿ ಕೂತಿದ್ದವರನ್ನು ಆರ್ಥಿಕತೆಗೆ ಅನಿವಾರ್ಯ ಎಂದು ಗುರುತಿಸಿದ ಆ ಕ್ಷಣದಲ್ಲೂ ಅವರ ಇಚ್ಛೆಯನ್ನು ಯಾರೂ ಕೇಳಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ನಷ್ಟ ಕೊನೆಗೆ ಇವರ ಮೇಲೇ ಬೀಳುತ್ತದೆ ಎಂಬುದನ್ನು ಕಾನೂನು ತಿಳಿಯದೆ ಇರಲಿಲ್ಲ. 1996ರಲ್ಲಿ ಬಂದ ಕಾಯ್ದೆಗಳ ಪ್ರಕಾರ ಕಟ್ಟಡದ ವೆಚ್ಚದ ಮೇಲೆ ಶೇ 1ರ ಸೆಸ್ ಸಂಗ್ರಹವಾಗಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗಬೇಕಾಗಿತ್ತು. ಮಕ್ಕಳ ಓದು, ಚಿಕಿತ್ಸೆ, ಅಪಘಾತ, ಪಿಂಚಣಿಗೆ ಅದು ಬಳಕೆಯಾಗಬೇಕಾಗಿತ್ತು. ನೋಂದಣಿಗೆ ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನಂಟಿನ ಒಂದು ಎಳೆಯನ್ನು ಕಾನೂನೇ ಹೊಸೆದಂತಾಯಿತು ಇದು. ತೊಂದರೆ ಆ ತೊಂಬತ್ತು ದಿನದ ಪುರಾವೆಯಲ್ಲಿದೆ. ಮೂರು ಮೇಸ್ತ್ರಿಗಳ ಕೈಕೆಳಗೆ ನಾಲ್ಕು ಕಡೆ ದುಡಿದವನಿಗೆ ಸಹಿ ಹಾಕಿಕೊಡುವವರು ಯಾರು? ಕಾರ್ಡು ಇರುವವರಲ್ಲಿ ಕರಣೆಯನ್ನೇ ಹಿಡಿಯದವರು ಸೇರಿಕೊಂಡಿದ್ದಾರೆ ಎಂಬ ದೂರು ಒಂದು ಕಡೆ, ನಿಜವಾಗಿ ಬಾಂಡಲಿ ಹೊರುವ ಹೆಂಗಸಿನ ಬಳಿ ಕಾರ್ಡೇ ಇಲ್ಲದಿರುವುದು ಇನ್ನೊಂದು ಕಡೆ.

ದುಡ್ಡಿನ ಎಳೆಯನ್ನು ಬೇಗ ಮುಗಿಸಬಹುದು, ಏಕೆಂದರೆ ಅದು ಎಲ್ಲರಿಗೂ ತಿಂಗಳು ತಿಂಗಳು ನೆನಪಾಗುತ್ತದೆ. 30 ಲಕ್ಷದ ಗೃಹಸಾಲ, 20 ವರ್ಷ. ಬಡ್ಡಿ ಶೇ 7 ಇದ್ದರೆ ಕಂತು ಸುಮಾರು 23,260 ರೂಪಾಯಿ. ಶೇ 9 ಆದರೆ ಸುಮಾರು 26,990. ಎರಡು ಅಂಶದ ಅಂತರ ತಿಂಗಳಿಗೆ 3,700 ರೂಪಾಯಿಗೂ ಹೆಚ್ಚು. 2022ರ ಮೇ ತಿಂಗಳಿಗೆ ಮುಂಚೆ ಶೇ 4 ಇದ್ದ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿ ಹೊತ್ತಿಗೆ ಶೇ 6.5ಕ್ಕೆ ಏರಿಸಿದಾಗ ಆದದ್ದು ಹೆಚ್ಚುಕಡಿಮೆ ಇದೇ. ಆ ಅಂತರದಲ್ಲಿ ಕೆಲವರ ಎರಡನೆಯ ಮಹಡಿ ಹೋಯಿತು, ಕೆಲವರ ಇಡೀ ಮನೆಯೇ ಮುಂದಕ್ಕೆ ಹೋಯಿತು. ತರಕಾರಿ, ಎಣ್ಣೆಯ ಬೆಲೆ ತಗ್ಗಿಸಲೆಂದು ಮುಂಬೈಯಲ್ಲಿ ಎತ್ತಿದ ದರ ಸಂಡೂರಿನ ಅದಿರನ್ನೂ ಸಿಂಧನೂರಿನ ಗುಳೆಯನ್ನೂ ಮುಟ್ಟುವುದು ಮನೆಯ ಮೂಲಕವೇ. ತೆರಿಗೆಯೂ ಹಾಗೆಯೇ: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕೂ ಮುಂಚೆ, ತಲೆಯ ಮೇಲೊಂದು ಸೂರು ಮಾಡಿಕೊಳ್ಳುವವನು ಐಷಾರಾಮಿ ವಸ್ತುಗಳ ದರದಲ್ಲಿ ತೆರಿಗೆ ಕಟ್ಟುತ್ತಿದ್ದ.

ನೀರನ್ನು ಈ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ, ಅದಕ್ಕೆ ಬಿಲ್ಲು ಚಿಕ್ಕದು. 2024ರ ಮಾರ್ಚಿನಲ್ಲಿ ಬೆಂಗಳೂರು ಬಾಯಾರಿದಾಗ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಸಂಸ್ಕರಿಸಿದ ಕೊಳಚೆನೀರಿಗೆ ಅಂದು ಬೇಡಿಕೆ ಬಂತು. ಹಿಂದಿನ ಮುಂಗಾರು ಹೊಲದಿಂದ ಎಬ್ಬಿಸಿ ನಗರಕ್ಕೆ ಕಳಿಸಿದವರೇ, ಅದೇ ಮುಂಗಾರಿನ ಕೊರತೆಯಿಂದ ನಗರದಲ್ಲೂ ಕೆಲಸ ನಿಂತು ಕೂತದ್ದನ್ನು ಆ ಬೇಸಿಗೆಯಲ್ಲಿ ಕಂಡೆವು.

ದಾವಣಗೆರೆಯ ಆ ಮನೆಗೆ ಮರಳಿ ಬರುತ್ತೇನೆ. ಮೋಲ್ಡ್ ಹಾಕಿದ ಮರುದಿನ ತಾರಸಿಗೆ ನೀರುಣಿಸಬೇಕು. ಸಾದಾ ಸಿಮೆಂಟಾದರೆ ಕನಿಷ್ಠ ಏಳು ದಿನ, ಬೂದಿ ಬೆರೆತದ್ದಾದರೆ ಹತ್ತು. ನೀರು ಹರಿದುಹೋಗದಂತೆ ತಾರಸಿಯ ಮೇಲೆ ಗಾರೆಯಿಂದ ಸಣ್ಣ ಸಣ್ಣ ಪಾತಿ ಕಟ್ಟುತ್ತಾರೆ. ಯಾದಗಿರಿ ಕಡೆಯ ನಡುವಯಸ್ಸಿನವರೊಬ್ಬರು ಅಂಗೈಯಲ್ಲೇ ಬದು ಒತ್ತುತ್ತ, ಒಂದು ಮಡಿಯ ನೀರು ಇನ್ನೊಂದಕ್ಕೆ ಇಳಿಯುವಂತೆ ಬಾಯಿ ಬಿಡುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದೆ. ಇದನ್ನು ಕಲಿಯುವುದೇನಿದೆ, ಹೊಲದಲ್ಲಿ ಮಾಡುತ್ತಿದ್ದುದೇ ಎಂದರು. ಮೂರನೆಯ ದಿನ ಊರಿನಿಂದ ಫೋನ್ ಬಂತು, ಹದವಾದ ಮಳೆಯಾಗಿದೆ ಎಂದು. ಸಂಜೆಯ ಬಸ್ಸಿಗೆ ಅವರ ತಂಡದ ಒಂಬತ್ತು ಜನ ಹೊರಟರು. ನೀರುಣಿಸುವ ಕೆಲಸವನ್ನು ಮನೆಯ ಯಜಮಾನರೇ ವಹಿಸಿಕೊಂಡರು. ಪ್ಲಾಸ್ಟರಿಂಗ್ ಯಾವಾಗ ಎಂದು ಅವರು ಕೇಳಿದ್ದಕ್ಕೆ ಮೇಸ್ತ್ರಿ ತಾರೀಖು ಹೇಳಲಿಲ್ಲ. ತೊಗರಿ ಬಿತ್ತನೆ ಮುಗಿಯಲಿ ಎಂದ.